ಗಟ್ಟಿ ಡಿಕಾಕ್ಷನ್, ನ್ಯಾಯದ ಬೆಲೆ: ಫಿಲ್ಟರ್ ಕಾಫಿ ಮಾಡುವ ಕ್ರಮ

ಫಿಲ್ಟರ್ ಕಾಫಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಪುಡಿ ಕೊಳ್ಳುವ ಅಂಗಡಿಯಲ್ಲಿ, ಮತ್ತು ಫಿಲ್ಟರಿಗೆ ಬಿಸಿನೀರು ಹೊಯ್ಯುವ ಮೊದಲ ಒಂದು ನಿಮಿಷದಲ್ಲಿ. ಹಾಲು ಎಷ್ಟು, ಸಕ್ಕರೆ ಎಷ್ಟು ಎಂಬ ಬಗ್ಗೆ ಮನೆಗಳಲ್ಲಿ ನಡೆಯುವ ಚರ್ಚೆ ಈ ಎರಡರ ಬಗ್ಗೆ ನಡೆಯುವುದಿಲ್ಲ. ಹೊಸ ಫಿಲ್ಟರ್ ಕೊಂಡು, ದುಬಾರಿ ಪುಡಿ ತಂದು, ಕೊನೆಗೆ ತೆಳುವಾದ ಕಂದು ನೀರನ್ನು ಹಾಲಿಗೆ ಬೆರೆಸಿ ಕುಡಿಯುವವರನ್ನು ಬಹಳ ಕಂಡಿದ್ದೇನೆ. ಆದ್ದರಿಂದ ಸುಲಭದ ಹಂತಗಳನ್ನು ಬೇಗ ಮುಗಿಸಿ ಈ ಎರಡನ್ನು ಬಿಡಿಸಿ ಬರೆಯುತ್ತಿದ್ದೇನೆ.

1. ಪುಡಿ ಕೊಳ್ಳುವುದು

ಸಾಧ್ಯವಿದ್ದರೆ ಕಣ್ಣೆದುರಿಗೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗೇ ಹೋಗಿ, ಹತ್ತು ದಿನಕ್ಕೆ ಆಗುವಷ್ಟು ಮಾತ್ರ ತನ್ನಿ. ಅರೇಬಿಕಾ ಜಾತಿಯ ಕಾಫಿಯ ಪ್ಲಾಂಟೇಷನ್ ಎ ಅಥವಾ ಪೀಬೆರಿ ಎಂಬ ದರ್ಜೆಯ ಬೀಜ 70 ಭಾಗ, ರೋಬಸ್ಟಾ ಜಾತಿಯದು 30 ಭಾಗ ಎಂದು ಹೇಳಿದರೆ ಪರಿಮಳವೂ ಇರುತ್ತದೆ, ಹಾಲಿಗೆ ಬೆರೆತರೂ ಕಳೆದುಹೋಗದ ಗಟ್ಟಿತನವೂ ಬರುತ್ತದೆ. ಪುಡಿ ಬೆರಳ ನಡುವೆ ಉಜ್ಜಿದಾಗ ಹಿಟ್ಟಿನಂತೆ ಅಂಟಬಾರದು, ರವೆಯಷ್ಟು ತರಿಯಾಗಿಯೂ ಇರಬಾರದು.

ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯ ವಿಷಯದಲ್ಲಿ ನನ್ನ ಮಾತು ಖಚಿತ: ಒಟ್ಟು ಪುಡಿಯಲ್ಲಿ ಶೇ 15ಕ್ಕಿಂತ ಹೆಚ್ಚು ಬೇಡ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕು ಎಂಬುದು ಕಾನೂನು. ಅಂದರೆ ಅರ್ಧಕ್ಕೆ ಸಮೀಪ ಚಿಕೋರಿ ತುಂಬಿದರೂ ಅದು ಕಾನೂನುಬದ್ಧವೇ. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಲೇಬೇಕು, ಅದನ್ನು ಓದಿ. ಬಿಡಿಯಾಗಿ ತಂದ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಅಲುಗಾಡಿಸದೆ ನೋಡಿ. ಕಾಫಿಯ ಕಣಗಳು ಮೇಲೆಯೇ ತೇಲುತ್ತವೆ. ಚಿಕೋರಿಯ ಕಣಗಳು ಕೆಲವೇ ಕ್ಷಣಗಳಲ್ಲಿ ಮುಳುಗತೊಡಗಿ, ಹಿಂದೆ ಕಂದು ಬಣ್ಣದ ಗೆರೆ ಎಳೆಯುತ್ತ ತಳ ಸೇರುತ್ತವೆ.

ಇನ್ನು ಬೆಲೆಯ ವಿಷಯ. ಇದನ್ನು ಅಡುಗೆಮನೆಗೆ ಸಂಬಂಧಿಸದ ಮಾತು ಎಂದು ತಿಳಿಯಬೇಡಿ. ಅರೇಬಿಕಾ ಗಿಡದ ಒಂದೇ ಗೊಂಚಲಿನಲ್ಲಿಯೂ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲ. ನವೆಂಬರಿನಿಂದ ಜನವರಿಯವರೆಗೆ ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಕೆಂಪಾದುದನ್ನಷ್ಟೇ ಬಿಡಿಸಬೇಕು, ಮತ್ತು ಪ್ರತಿ ಸುತ್ತಿಗೂ ಕೂಲಿ ಕೊಡಬೇಕು. 50 ಕೆಜಿಯ ಚೀಲಕ್ಕೆ ಸಿಗುವ ದುಡ್ಡು ಕೂಲಿಗೇ ಸಾಲದ ವರ್ಷದಲ್ಲಿ ಬೆಳೆಗಾರ ಹಸಿರು, ಕೆಂಪು ಎನ್ನದೆ ಒಂದೇ ಸಲಕ್ಕೆ ಎಲ್ಲವನ್ನೂ ಬಿಡಿಸಿ ಕಣದಲ್ಲಿ ಹರಡಿಬಿಡುತ್ತಾನೆ. ಸಾಲದ್ದಕ್ಕೆ ಹೀಗೆ ಸಿಪ್ಪೆಸಹಿತ ಒಣಗಿದ ಹಣ್ಣಿಗೆ, ಅಂದರೆ ಚೆರ್ರಿಗೆ, ವ್ಯಾಪಾರಿ ಬೆಲೆ ಕಟ್ಟುವುದು ಔಟ್‌ಟರ್ನ್ ನೋಡಿ, ಅಂದರೆ ಚೀಲಕ್ಕೆ ಎಷ್ಟು ಬೀಜ ಇಳಿಯುತ್ತದೆ ಎಂಬ ತೂಕದ ಮೇಲೆಯೇ ಹೊರತು ರುಚಿಯ ಮೇಲಲ್ಲ. ಎಳೆಯ ಕಾಯಿಯ ಒಗರು ಹುರಿದರೂ ಹೋಗುವುದಿಲ್ಲ. ಅದು ನೇರವಾಗಿ ನಿಮ್ಮ ಡಿಕಾಕ್ಷನ್ನಿಗೆ ಇಳಿಯುತ್ತದೆ.

ಬೆಳೆಗಾರರಿಗೆ ಕನಿಷ್ಠ ಬೆಲೆಯ ಭರವಸೆ ಕೊಡುವ ಫೇರ್ ಟ್ರೇಡ್ ಎಂಬ ವ್ಯವಸ್ಥೆ ಬೆಳೆದದ್ದು ಈ ಸಂಕಟದಿಂದಲೇ. ಮೆಕ್ಸಿಕೋದ ಒಹಾಕಾ ಪ್ರದೇಶದ ಯುಸಿರಿ ಎಂಬ ಸಣ್ಣ ಬೆಳೆಗಾರರ ಸಹಕಾರ ಸಂಘದ ಕಾಫಿಯನ್ನು 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಎಂಬ ಮುದ್ರೆಯೊಂದಿಗೆ ಸಾಮಾನ್ಯ ಅಂಗಡಿಗಳಲ್ಲಿ ಮಾರಲಾರಂಭಿಸಿದರು. ಮರುವರ್ಷವೇ ದೇಶಗಳ ರಫ್ತಿಗೆ ಮಿತಿ ಹಾಕಿ ಬೆಲೆ ಕಾಯುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಜಗತ್ತಿನಾದ್ಯಂತ ಬೆಲೆ ಕುಸಿಯಿತು, ಮುದ್ರೆಯ ಅಗತ್ಯ ಇತರ ದೇಶಗಳಿಗೂ ಅರಿವಾಯಿತು. ಬೇರೆ ಬೇರೆ ದೇಶಗಳ ಇಂಥ ಮುದ್ರೆಗಳೆಲ್ಲ 1997ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಒಂದೇ ಸಂಸ್ಥೆಯ ಅಡಿಗೆ ಬಂದವು. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿದಾಗ, ಫೇರ್ ಟ್ರೇಡ್ ಸಂಘಗಳ ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಕನಿಷ್ಠ ಬೆಲೆ ಮತ್ತು ಸಂಘದ ಹೆಚ್ಚುವರಿ ಹಣ ಸೇರಿ 1.26 ಡಾಲರ್ ಸಿಗುತ್ತಿತ್ತು. 2023ರ ಆಗಸ್ಟ್‌ನಿಂದ ಈ ಕನಿಷ್ಠ ಬೆಲೆ 1.80 ಡಾಲರ್ ಆಗಿದೆ. ಮಾರುಕಟ್ಟೆ ಇದಕ್ಕಿಂತ ಮೇಲಿದ್ದರೆ ಮಾರುಕಟ್ಟೆಯ ಬೆಲೆಯನ್ನೇ ಕೊಡಬೇಕು. ಎರಡು ಸಂದರ್ಭದಲ್ಲೂ ಪೌಂಡಿಗೆ 20 ಸೆಂಟ್ ಹೆಚ್ಚುವರಿ ಹಣ ಸಂಘಕ್ಕೆ ಸೇರುತ್ತದೆ, ಅದರ ಬಳಕೆಯನ್ನು ಸದಸ್ಯರೇ ತೀರ್ಮಾನಿಸುತ್ತಾರೆ. ಒಂದು ಲೋಟ ಕಾಫಿಗೆ 10 ಗ್ರಾಂ ಪುಡಿ, ಅಂದರೆ ಸುಮಾರು 12 ಗ್ರಾಂ ಹಸಿಬೀಜ ಬೇಕೆಂದು ಲೆಕ್ಕ ಹಾಕಿದರೆ ಈ ಹೆಚ್ಚುವರಿ ಹಣ ಲೋಟಕ್ಕೆ ಅರ್ಧ ಸೆಂಟಿನಷ್ಟಾಗುತ್ತದೆ. ಕುಡಿಯುವವರಿಗೆ ಇದು ಹೊರೆಯೇ ಅಲ್ಲ.

ಆದರೆ ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಈ ಮುದ್ರೆ ಅಪರೂಪ, ಅದಕ್ಕೆ ಕಾರಣವೂ ಇದೆ. ಕಾಫಿಯ ಮಟ್ಟಿಗೆ ಈ ಮುದ್ರೆ ದೊರೆಯುವುದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ, ಎಸ್ಟೇಟುಗಳಿಗಲ್ಲ. ಕಾಫಿ ಬೋರ್ಡ್ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿ 1996ರಲ್ಲಿ ಪೂರ್ತಿಯಾಗಿ ಕೊನೆಗೊಂಡ ಮೇಲೆ ಕೊಡಗು, ಚಿಕ್ಕಮಗಳೂರು, ಹಾಸನದ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿಯೇ ವ್ಯಾಪಾರಿಗೆ ಮಾರುತ್ತಾರೆ. ಸಂಘ ಕಟ್ಟಿಕೊಂಡ ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರಿಗೂ, ಫೇರ್ ಟ್ರೇಡ್ ಅಲಯನ್ಸ್ ಕೇರಳ ಎಂಬ ಸಂಘದ ರೈತರಿಗೂ ಈ ಮುದ್ರೆ ದಕ್ಕಿತು. ನಮ್ಮ ಎಸ್ಟೇಟುಗಳ ಪೊಟ್ಟಣದ ಮೇಲೆ ಕಾಣುವ ರೈನ್‌ಫಾರೆಸ್ಟ್ ಅಲಯನ್ಸ್‌ನ ಕಪ್ಪೆಯ ಚಿತ್ರ ಪರಿಸರ ಮತ್ತು ಕಾರ್ಮಿಕರ ಸ್ಥಿತಿಗತಿಗೆ ಸಂಬಂಧಿಸಿದ್ದು. ಅದರಲ್ಲಿ ಕನಿಷ್ಠ ಬೆಲೆಯ ಭರವಸೆ ಇಲ್ಲ. ಎರಡೂ ಒಂದೇ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ಹಾಗಾದರೆ ಕೊಳ್ಳುವುದು ಯಾವುದನ್ನು? ಮುದ್ರೆ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಯಾವ ಊರಿನ, ಯಾವ ತೋಟದ ಅಥವಾ ಸಂಘದ ಬೀಜ, ಯಾವ ವರ್ಷದ ಕೊಯ್ಲು, ಎಂದು ಹುರಿದದ್ದು ಎಂಬುದನ್ನು ಬರೆದ ಪೊಟ್ಟಣವನ್ನು ಆರಿಸಿಕೊಳ್ಳಿ, ಬೆಳೆಗಾರರೇ ಹುರಿದು ಮಾರುವುದಾದರೆ ಇನ್ನೂ ಒಳ್ಳೆಯದು. ‘ಪ್ರೀಮಿಯಂ’, ‘ಎಸ್ಟೇಟ್ ಫ್ರೆಶ್’ ಎಂದಷ್ಟೇ ಬರೆದು ಊರಿನ ಹೆಸರನ್ನೂ ಹೇಳದ ಪೊಟ್ಟಣ ಎಷ್ಟೇ ಚೆಂದವಿದ್ದರೂ ಬೇಡ.

2. ಫಿಲ್ಟರ್ ಸಿದ್ಧಮಾಡುವುದು

ಸ್ಟೀಲಿನದು ಸಾಕು, ಹಿತ್ತಾಳೆಯದಾದರೆ ಒಳಗೆ ಕಲಾಯಿ ಇರಲೇಬೇಕು. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ತಳದ ತೂತುಗಳೆಲ್ಲ ತೆರೆದಿವೆಯೇ ಎಂದು ನೋಡಿ. ಮುಚ್ಚಿದ್ದರೆ, ಸ್ಟೀಲಿನ ಫಿಲ್ಟರಾದರೆ ಮಾತ್ರ, ಇಕ್ಕಳದಲ್ಲಿ ಹಿಡಿದು ತಳವನ್ನು ಒಲೆಯ ಉರಿಗೆ ಸ್ವಲ್ಪ ಹೊತ್ತು ಒಡ್ಡಿದರೆ ಕಟ್ಟಿಕೊಂಡ ಪುಡಿ ಸುಟ್ಟು ಉದುರುತ್ತದೆ. ಪಾತ್ರೆ ಪೂರ್ತಿ ಒಣಗಿರಲಿ.

3. ಪುಡಿ ತುಂಬಿ ನೀರು ಹೊಯ್ಯುವುದು

ಮೂರು ಲೋಟ ಕಾಫಿಗೆ 30 ಗ್ರಾಂ ಪುಡಿ, 180 ಮಿಲಿಲೀಟರ್ ನೀರು. ಈ ಅಳತೆಯನ್ನು ಕೆಲವು ದಿನವಾದರೂ ತೂಕ ಮಾಡಿಯೇ ಹಾಕಿ. ಪುಡಿ ಉಳಿಸಿ ನೀರು ಹೆಚ್ಚಿಸುವುದರಿಂದಲೇ ಡಿಕಾಕ್ಷನ್ ತೆಳುವಾಗುತ್ತದೆ, ಆಮೇಲೆ ಅದನ್ನು ಗಟ್ಟಿಯಾಗಿ ಕಾಣಿಸಲು ಚಿಕೋರಿಯ ಮೊರೆ ಹೋಗಬೇಕಾಗುತ್ತದೆ.

ಪುಡಿಯನ್ನು ಮೇಲಿನ ಪಾತ್ರೆಗೆ ಸುರಿದು, ಪಾತ್ರೆಯ ಪಕ್ಕವನ್ನು ಅಂಗೈಯಿಂದ ಎರಡು ಮೂರು ಸಲ ತಟ್ಟಿ ಮಟ್ಟಮಾಡಿ. ಚಮಚದಿಂದ ಒತ್ತಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಒತ್ತಿದ ಪುಡಿ ನೀರು ತಗುಲಿ ಉಬ್ಬಿದಾಗ ಹಾದಿಯೇ ಇಲ್ಲದಂತಾಗಿ ಡಿಕಾಕ್ಷನ್ ನಿಂತುಬಿಡುತ್ತದೆ. ಹಿಡಿಯಿರುವ ತೂತುಬಿಲ್ಲೆಯನ್ನು ಪುಡಿಯ ಮೇಲೆ ಹಗುರವಾಗಿ ಇಡಿ; ಅದರ ಭಾರವೇ ಸಾಕು. ಬಿಲ್ಲೆಯನ್ನು ಬಿಟ್ಟು ನೀರು ಹೊಯ್ದರೆ ಧಾರೆ ಬಿದ್ದ ಕಡೆ ಗುಂಡಿಯಾಗಿ, ನೀರು ಆ ಒಂದೇ ದಾರಿಯಲ್ಲಿ ಇಳಿದು, ಉಳಿದ ಪುಡಿ ಸತ್ವ ಬಿಡದೆ ಹಾಗೆಯೇ ಉಳಿಯುತ್ತದೆ.

ನೀರಿನ ಬಿಸಿ 92ರಿಂದ 96 ಡಿಗ್ರಿಯ ನಡುವೆ ಇರಬೇಕು. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಒಲೆ ಆರಿಸಿದ ಕೂಡಲೇ ಹೊಯ್ಯಬಹುದು. ಮಂಗಳೂರು, ಉಡುಪಿಯಂಥ ಕರಾವಳಿಯ ಊರುಗಳಲ್ಲಿ ಒಂದು ನಿಮಿಷ ಕಾಯುವುದು ಒಳ್ಳೆಯದು.

ಮೊದಲು ನಾಲ್ಕೈದು ಚಮಚದಷ್ಟು ನೀರನ್ನು ಮಾತ್ರ ಬಿಲ್ಲೆಯ ಮೇಲೆ ಸುತ್ತಲೂ ಹೊಯ್ದು, ಅರ್ಧ ನಿಮಿಷ ಕಾಯಿರಿ. ಹೊಸದಾಗಿ ಹುರಿದ ಪುಡಿಯಾದರೆ ಬಿಲ್ಲೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಪುಡಿ ಬಿಲ್ಲೆಯನ್ನೇ ಸ್ವಲ್ಪ ಮೇಲೆತ್ತುತ್ತದೆ, ಮುಖಕ್ಕೆ ಘಮ ಬಡಿಯುತ್ತದೆ. ಬೀಜದೊಳಗಿನ ಅನಿಲ ಹೊರಹೋಗಿ ಪುಡಿ ಸಮನಾಗಿ ನೆನೆಯುವ ಹೊತ್ತು ಇದು. ಗುಳ್ಳೆಗಳು ತಣಿದ ಮೇಲೆ ಉಳಿದ ನೀರನ್ನು ನಿಧಾನವಾಗಿ, ಸಣ್ಣ ಧಾರೆಯಲ್ಲಿ ಹೊಯ್ದು ಮುಚ್ಚಳ ಮುಚ್ಚಿ. ಒಂದು ಗುಳ್ಳೆಯೂ ಏಳದಿದ್ದರೆ ಪುಡಿ ಹಳೆಯದು. ಮುಂದಿನ ಸಲ ಅಂಗಡಿ ಬದಲಿಸಿ.

ಹದಿನೈದರಿಂದ ಇಪ್ಪತ್ತೈದು ನಿಮಿಷದಲ್ಲಿ ಸುಮಾರು 120 ಮಿಲಿಲೀಟರ್ ಡಿಕಾಕ್ಷನ್ ಇಳಿಯಬೇಕು. ಉಳಿದ ನೀರನ್ನು ಪುಡಿ ಹೀರಿಕೊಂಡಿರುತ್ತದೆ. ಐದೇ ನಿಮಿಷದಲ್ಲಿ ಇಳಿದುಹೋದರೆ ಪುಡಿ ತರಿಯಾಗಿದೆ ಎಂದರ್ಥ. ಇಳಿಯುವುದೇ ನಿಂತರೆ ಫಿಲ್ಟರನ್ನು ಕುಟ್ಟಬೇಡಿ, ಮೇಲಿನಿಂದ ಬಿಲ್ಲೆಯನ್ನು ಒತ್ತಲೂ ಬೇಡಿ. ಎರಡು ಪಾತ್ರೆಗಳು ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಬರಲು ದಾರಿಯಿರುವುದಿಲ್ಲ. ಬಟ್ಟೆ ಹಿಡಿದು ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ತಿರುಗಿಸಿ ಸಡಿಲಿಸಿದರೆ ತೊಟ್ಟಿಕ್ಕುವುದು ಮತ್ತೆ ಶುರುವಾಗುತ್ತದೆ. ಅದೇ ಪುಡಿಗೆ ಮತ್ತೊಮ್ಮೆ ನೀರು ಹೊಯ್ದು ತೆಗೆಯುವ ಎರಡನೆಯ ಡಿಕಾಕ್ಷನ್ನನ್ನು ಮೊದಲನೆಯದಕ್ಕೆ ಬೆರೆಸಬಾರದು. ಅದರಲ್ಲಿ ಕಹಿಯಲ್ಲದೆ ಬೇರೇನೂ ಉಳಿದಿರುವುದಿಲ್ಲ.

ಫಿಲ್ಟರೇ ಇಲ್ಲದವರು ಮಲೆನಾಡಿನ ಹಳೆಯ ಕ್ರಮವನ್ನು ಅನುಸರಿಸಬಹುದು: ಕುದಿಯುವ ನೀರಿಗೆ ಪುಡಿ ಹಾಕಿ, ಒಲೆ ಆರಿಸಿ, ಐದು ನಿಮಿಷ ಮುಚ್ಚಿಟ್ಟು ಬಟ್ಟೆಯಲ್ಲಿ ಸೋಸುವುದು. ಬೆಲ್ಲದ ಕಾಫಿಗೆ ಇದೇ ಸರಿ, ಅದಕ್ಕೆ ಹಾಲು ಬೇಕಿಲ್ಲ.

4. ಬೆರೆಸುವುದು

ಹಾಲು ಒಮ್ಮೆ ಉಕ್ಕಿದರೆ ಸಾಕು, ಕಾಯಿಸುತ್ತಲೇ ಇದ್ದರೆ ಕೆನೆಯ ವಾಸನೆ ಕಾಫಿಯನ್ನು ಮುಚ್ಚಿಬಿಡುತ್ತದೆ. ಲೋಟಕ್ಕೆ ಸಕ್ಕರೆ, 40 ಮಿಲಿಲೀಟರ್ ಡಿಕಾಕ್ಷನ್, ಅದರ ಮೇಲೆ 100 ಮಿಲಿಲೀಟರ್ ಬಿಸಿ ಹಾಲು ಹಾಕಿ ಎರಡು ಸಲ ಎತ್ತಿ ಸುರಿಯಿರಿ. ಆರಿದ ಡಿಕಾಕ್ಷನ್ನನ್ನು ಎಂದಿಗೂ ಒಲೆಯ ಮೇಲಿಟ್ಟು ಕಾಯಿಸಬೇಡಿ. ಹಾಲಿನ ಬಿಸಿಯೇ ಅದಕ್ಕೆ ಸಾಕು. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಮರುದಿನ ಬೆಳಿಗ್ಗೆಯೊಳಗೆ ಮುಗಿಸಿ.

5. ತೊಳೆಯುವುದು

ಗಷ್ಟನ್ನು ಗಿಡದ ಕುಂಡಕ್ಕೆ ಸುರಿದು, ಫಿಲ್ಟರನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ. ಘಾಟಿನ ಸಾಬೂನು ಬಳಸಿದರೆ ಅದರ ವಾಸನೆ ತೂತುಗಳಲ್ಲಿ ಉಳಿದು ಮರುದಿನದ ಡಿಕಾಕ್ಷನ್ನಿಗೆ ಸೇರುತ್ತದೆ. ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ಉಜ್ಜಿದರೆ ಜಿಡ್ಡೂ ಹೋಗುತ್ತದೆ, ವಾಸನೆಯೂ ಉಳಿಯುವುದಿಲ್ಲ.