ಪಕ್ಷ ಇಲ್ದೆ ಲೋಕಸಭೆಗೆ ನಿಲ್ಲೋದು ಹೇಗೆ? ಚಿಹ್ನೆ ಕೈಗೆ ಸಿಕ್ಕಮೇಲೆ ಉಳಿಯೋದು 16 ದಿನ

ಮೊದಲು ಒಂದು ಲೆಕ್ಕ ನೋಡಿ. 2024ರಲ್ಲಿ ನಮ್ಮ ರಾಜ್ಯದ ಮೊದಲ ಹಂತದ ಮತದಾನ ಇದ್ದಿದ್ದು ಏಪ್ರಿಲ್ 26ಕ್ಕೆ, ನಾಮಪತ್ರ ವಾಪಸ್ ತಗೊಳ್ಳೋಕೆ ಕೊನೇ ದಿನ ಏಪ್ರಿಲ್ 8. ಪಕ್ಷೇತರರಿಗೆ ಚಿಹ್ನೆ ಕೊಡೋದು ಅವತ್ತು ಮಧ್ಯಾಹ್ನ 3 ಗಂಟೆ ಕಳೆದಮೇಲೆ. ಮತದಾನ ಮುಗಿಯೋಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಿಸ್ಬೇಕು, ಅಂದ್ರೆ 24ರ ಸಂಜೆ. ಮಧ್ಯ ಉಳಿಯೋದು 16 ದಿನ. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ, ಹತ್ತಿರ ಹತ್ತಿರ 2 ಸಾವಿರ ಬೂತ್. ದಿನಕ್ಕೆ 125 ಬೂತ್ ಸುತ್ತೋಕೆ ಯಾರಿಂದ ಆಗುತ್ತೆ ಹೇಳಿ. ದೊಡ್ಡ ಪಕ್ಷದವರ ಚಿಹ್ನೆ ಜನ ಚಿಕ್ಕವರಿದ್ದಾಗಿಂದ ಗೋಡೆ ಮೇಲೆ ನೋಡಿರ್ತಾರೆ, ನಮ್ಮದು ಅವತ್ತೇ ಹುಟ್ಟುತ್ತೆ. ಅದಕ್ಕೇ ಪಕ್ಷೇತರರ ನಿಜವಾದ ಪ್ರಚಾರ ಚುನಾವಣೆ ಘೋಷಣೆ ಆಗೋಕೆ ಆರು ತಿಂಗಳ ಮುಂಚೆಯೇ ಶುರುವಾಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ನಮ್ಮ ಕಡೆ ಒಬ್ಬ ರಿಟೈರ್ಡ್ ಮೇಷ್ಟ್ರು ನಿಂತಾಗ ಅವರ ಚುನಾವಣಾ ಏಜೆಂಟ್ ಆಗಿ ಓಡಾಡಿದ ಮೇಲೆ ಬಂದ ಅಭಿಪ್ರಾಯ ಇದು.

ಗೆಲ್ಲೋದು ಕಷ್ಟ, ಮುಚ್ಚಿಡೋದೇನೂ ಇಲ್ಲ. 2024ರಲ್ಲಿ ದೇಶದಲ್ಲಿ 3,900ಕ್ಕೂ ಹೆಚ್ಚು ಪಕ್ಷೇತರರು ನಿಂತ್ರು, ಗೆದ್ದವರು 7 ಜನ. 1957ರಲ್ಲಿ 42 ಜನ ಗೆದ್ದಿದ್ರು. ನಮ್ಮ ರಾಜ್ಯದಲ್ಲಿ 1967ರಲ್ಲಿ ಉತ್ತರ ಕನ್ನಡದಿಂದ ದಿನಕರ ದೇಸಾಯಿಯವರು ಪಕ್ಷೇತರರಾಗಿ ಲೋಕಸಭೆಗೆ ಹೋದ್ರು, 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಲ್ಲಿ ಗೆದ್ರು. ಆದ್ರೆ ಮಂಡ್ಯದ ಲೆಕ್ಕ ಎಲ್ಲರಿಗೂ ಬರಲ್ಲ, ಅಲ್ಲಿ ಅಂಬರೀಶ್ ಹೆಸರಿತ್ತು, ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು, ಊರೂರಿಗೆ ಸಿನಿಮಾ ನಟರು ಬಂದಿದ್ರು. ಅದೇ ವರ್ಷ ಬೆಂಗಳೂರು ಸೆಂಟ್ರಲ್‌ನಲ್ಲಿ ಪ್ರಕಾಶ್ ರಾಜ್ ಅವರಂಥ ಎಲ್ಲರಿಗೂ ಗೊತ್ತಿರೋ ಮುಖಕ್ಕೇ ಬಂದಿದ್ದು 28,906 ಮತ. ಇಷ್ಟು ಗೊತ್ತಿದ್ದೂ ನಿಲ್ತೀನಿ ಅನ್ನೋರಿಗೆ ಮುಂದಿನದು.

ಹತ್ತು ಜನ ಸೂಚಕರು

ನಾಮಪತ್ರ ಪರಿಶೀಲನೆ ದಿನಕ್ಕೆ ನಿಮಗೆ 25 ವರ್ಷ ತುಂಬಿರ್ಬೇಕು, ದೇಶದ ಯಾವುದಾದ್ರೂ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟೀಲಿ ಹೆಸರಿರ್ಬೇಕು. ನಿಲ್ಲೋ ಕ್ಷೇತ್ರದಲ್ಲೇ ಇರ್ಬೇಕು ಅಂತೇನಿಲ್ಲ, ಬೇರೆ ಕಡೆ ಇದ್ರೆ ಅಲ್ಲಿನ ಪಟ್ಟಿಯ ದೃಢೀಕೃತ ನಕಲು ಜೊತೆಗಿಡಿ.

ಸೂಚಕರ ವಿಷ್ಯ ಹಂಗಲ್ಲ. ಸೂಚಕರು ಅಂದ್ರೆ ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕೋರು. ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರಾಗಿರ್ಬೇಕು. ಈ ನಿಯಮದ ಹಿಂದೆ ನಮ್ಮ ಬೆಳಗಾವಿ ಕಥೆ ಇದೆ. 1996ರಲ್ಲಿ ಅಲ್ಲಿ ಕಣದಲ್ಲಿದ್ದೋರು 456 ಜನ, ಆಗಿನ ಆಂಧ್ರದ ನಲ್ಗೊಂಡದಲ್ಲಿ 480. ಆಗ ಠೇವಣಿ ಬರೀ 500 ರೂಪಾಯಿ. ಆ ಚುನಾವಣೆ ಆದ್ಮೇಲೆ ಕಾಯ್ದೆ ತಿದ್ದಿ ಠೇವಣಿ 10,000 ಮಾಡಿದ್ರು, ಹತ್ತು ಸೂಚಕರ ನಿಯಮ ತಂದ್ರು. ಈಗ ಠೇವಣಿ 25,000, ಎಸ್‌ಸಿ ಎಸ್‌ಟಿ ಅಭ್ಯರ್ಥಿಗಳಿಗೆ 12,500. ಚೆಕ್ ನಡೆಯಲ್ಲ.

ಎಡವೋದು ಎಲ್ಲಿ ಅಂದ್ರೆ ಜಿಲ್ಲೆ ಬೇರೆ ಲೋಕಸಭಾ ಕ್ಷೇತ್ರ ಬೇರೆ ಅನ್ನೋದು ಎಷ್ಟೋ ಜನಕ್ಕೆ ತಲೆಗೇ ಹೋಗಲ್ಲ. ಮೈಸೂರು ಜಿಲ್ಲೆನೇ ನೋಡಿ, ಹುಣಸೂರಿನವರು ವೋಟ್ ಹಾಕೋದು ಮೈಸೂರು ಲೋಕಸಭೆಗೆ, ನಂಜನಗೂಡಿನವರು ಚಾಮರಾಜನಗರಕ್ಕೆ, ಕೆ.ಆರ್. ನಗರದವರು ಮಂಡ್ಯಕ್ಕೆ. ನಮಗೂ ಇದೇ ಆಯ್ತು. ನಾಮಪತ್ರ ಹಾಕೋ ಹಿಂದಿನ ರಾತ್ರಿ ಹತ್ತು ಗಂಟೆಗೆ ಮೇಷ್ಟ್ರ ಮನೆ ಜಗಲಿ ಮೇಲೆ ಕೂತು ಒಬ್ಬೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಪಟ್ಟಿ ಜೊತೆ ತಾಳೆ ನೋಡ್ತಿದ್ವಿ, ಏಳನೇ ಸೂಚಕರ ಹೆಸರು ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಫೋನ್ ಮಾಡಿದ್ರೆ ಅವರು ಎರಡು ವರ್ಷದ ಹಿಂದೆ ಮಗಳ ಊರಿಗೆ ವೋಟು ಬದಲಾಯಿಸ್ಕೊಂಡಿದ್ರಂತೆ, ಆ ಊರು ಪಕ್ಕದ ಕ್ಷೇತ್ರಕ್ಕೆ ಸೇರಿತ್ತು. ಒಂಬತ್ತೇ ಜನ ಆದ್ರೆ ಪರಿಶೀಲನೆಯಲ್ಲಿ ನಾಮಪತ್ರ ತಿರಸ್ಕೃತ, ಅಷ್ಟೇ, ತಿಂಗಳುಗಟ್ಟಲೆ ಮಾಡಿದ ಕೆಲಸ ಅಲ್ಲಿಗೆ ಮುಗೀತು. ಎದುರು ಮನೆ ಹಾಲಿನ ಡೈರಿ ಹುಡುಗನ್ನ ಎಬ್ಬಿಸಿ, ಪಟ್ಟೀಲಿ ಅವನ ಹೆಸರು ನೋಡಿ, ಹೊಸ ಫಾರಂ ಬರೆದು ಬೆಳಗಿನ ಜಾವದೊಳಗೆ ಹತ್ತೂ ಜನರ ಸಹಿ ಮತ್ತೆ ಮಾಡಿಸಿದ್ವಿ.

ಅದಕ್ಕೇ ಹೇಳೋದು, ಇಪ್ಪತ್ತು ಜನ ಸೂಚಕರನ್ನ ರೆಡಿ ಇಟ್ಕೊಳ್ಳಿ. ಒಬ್ಬ ಅಭ್ಯರ್ಥಿ ನಾಲ್ಕು ಸೆಟ್‌ವರೆಗೂ ನಾಮಪತ್ರ ಕೊಡಬಹುದು, ಠೇವಣಿ ಒಂದೇ ಸಲ. ಬೇರೆ ಬೇರೆ ಹತ್ತು ಜನರದ್ದು ಎರಡು ಸೆಟ್ ಕೊಟ್ರೆ ಒಂದು ಬಿದ್ರೂ ಇನ್ನೊಂದು ಉಳಿಯುತ್ತೆ. ಸೂಚಕರಲ್ಲಿ ಹೆಬ್ಬೆಟ್ಟು ಒತ್ತೋ ಹಿರಿಯರಿದ್ರೆ ಅದನ್ನ ಮನೇಲಿ ಒತ್ತಿಸ್ಕೊಂಡು ಬರಬೇಡಿ, ಚುನಾವಣಾಧಿಕಾರಿ ಎದುರೇ ಒತ್ಬೇಕು.

ಕಾಗದ ಪತ್ರ

ಲೋಕಸಭೆಗೆ ನಾಮಪತ್ರ ನಮೂನೆ 2ಎ, ಅದರ ಜೊತೆ ನಮೂನೆ 26ರ ಅಫಿಡವಿಟ್. ನಿಮ್ಮದು, ಹೆಂಡತಿ ಅಥವಾ ಗಂಡನದು, ಅವಲಂಬಿತರದು ಎಲ್ಲರ ಆಸ್ತಿ ಸಾಲ, ಐದು ವರ್ಷದ ಆದಾಯ, ಕೇಸುಗಳಿದ್ರೆ ಅವು, ಎಲ್ಲಾ ಬರೀಬೇಕು. ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಖಾಲಿ ಕಾಲಂ ಕಾರಣಕ್ಕೇ ನಾಮಪತ್ರ ತಿರಸ್ಕರಿಸಬಹುದು. ಏನೂ ಇಲ್ದಿದ್ರೆ "ಇಲ್ಲ" ಅಂತ, ಸಂಬಂಧ ಪಡದಿದ್ರೆ "ಅನ್ವಯಿಸುವುದಿಲ್ಲ" ಅಂತ ಬರೀರಿ, ಗೆರೆ ಎಳೆದು ಬಿಡಬೇಡಿ. ಕ್ರಿಮಿನಲ್ ಕೇಸಿದ್ರೆ ಪ್ರಚಾರದ ಅವಧೀಲಿ ಮೂರು ಸಲ ಪತ್ರಿಕೆ ಮತ್ತೆ ಟಿವೀಲಿ ಪ್ರಕಟಿಸ್ಬೇಕು, ಆ ಖರ್ಚೂ ನಿಮ್ಮ ಲೆಕ್ಕಕ್ಕೇ.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಚುನಾವಣಾ ಖರ್ಚಿಗೆ ಅಂತಲೇ ಬೇರೆ ಬ್ಯಾಂಕ್ ಅಕೌಂಟ್ ತೆಗೀಬೇಕು. ನಾಮಪತ್ರ ತಗೊಳ್ಳೋದು ಬೆಳಿಗ್ಗೆ 11ರಿಂದ 3ರವರೆಗೆ, ಆಫೀಸಿನ 100 ಮೀಟರ್ ಒಳಗೆ ಮೂರೇ ಗಾಡಿ, ಕೊಠಡಿಯೊಳಗೆ ನಿಮ್ಮನ್ನ ಸೇರಿಸಿ ಐದೇ ಜನ. ಕೊಟ್ಟಾದ್ಮೇಲೆ ಅಧಿಕಾರಿ ಎದುರು ಪ್ರಮಾಣ ವಚನ ತಗೊಳ್ಳಿ. ಇದು ನಾಮಪತ್ರ ಕೊಟ್ಟ ನಂತರ, ಪರಿಶೀಲನೆ ದಿನಕ್ಕೆ ಮುಂಚೆ ಆಗ್ಬೇಕು, ಪರಿಶೀಲನೆ ದಿನ ಬೆಳಿಗ್ಗೆ ಹೋಗಿ ಹೇಳ್ತೀನಿ ಅಂದ್ರೆ ಕಾಲ ಮೀರಿರುತ್ತೆ. ಕಡೇ ದಿನದವರೆಗೂ ಕಾಯ್ದು ಒಳ್ಳೇ ಮುಹೂರ್ತ ಹುಡುಕೋರನ್ನ ನೋಡಿದೀನಿ, ಒಂದು ಕಾಗದ ಕಮ್ಮಿ ಇದ್ರೂ ಆಗ ಓಡಾಡೋಕೆ ಟೈಮ್ ಇರಲ್ಲ.

ಚಿಹ್ನೆ ಆರಿಸೋದು

ನಾಮಪತ್ರದಲ್ಲೇ ಚುನಾವಣಾ ಆಯೋಗದ ಮುಕ್ತ ಚಿಹ್ನೆಗಳ, ಅಂದ್ರೆ ಯಾವ ಪಕ್ಷಕ್ಕೂ ಮೀಸಲಿರದ ಚಿಹ್ನೆಗಳ ಪಟ್ಟಿಯಿಂದ ಮೂರನ್ನ ನಿಮ್ಮ ಇಷ್ಟದ ಕ್ರಮದಲ್ಲಿ ಬರೀಬೇಕು. ಇಬ್ಬರು ಪಕ್ಷೇತರರು ಒಂದನ್ನೇ ಕೇಳಿದ್ರೆ ಚೀಟಿ ಎತ್ತುತಾರೆ. ಚೆಂದ ಇದೆ ಅಂತ ಆರಿಸಬೇಡಿ, ಬಾಯಲ್ಲಿ ಒಂದೇ ಮಾತಲ್ಲಿ ಹೇಳೋಕಾಗ್ಬೇಕು, ಕಪ್ಪು ಬಿಳುಪಲ್ಲಿ ಚಿಕ್ಕದಾಗಿ ಪ್ರಿಂಟ್ ಆದ್ರೂ ವಯಸ್ಸಾದವರ ಕಣ್ಣಿಗೆ ಗೊತ್ತಾಗ್ಬೇಕು. ಸೀಟಿ, ಪ್ರೆಷರ್ ಕುಕ್ಕರ್, ಹೊಲಿಗೆ ಮಷಿನ್ ಥರದವು ಒಳ್ಳೇವು. ಸುಮಲತಾ ಅವರಿಗೆ ಸಿಕ್ಕ ಕಹಳೆ ಊದ್ತಿರೋ ರೈತ ಮಂಡ್ಯದಂಥ ರೈತರ ಜಿಲ್ಲೇಲಿ ತಾನೇ ತಾನಾಗಿ ಮಾತಾಡ್ತು. ಅಲ್ಲಿ ಸುಮಲತಾ ಅನ್ನೋ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ರು, ಹೆಸರೊಂದನ್ನೇ ನಂಬಿದ್ರೆ ಗೊಂದಲ ಆಗ್ತಿತ್ತು. 2015ರಿಂದ ಮತಯಂತ್ರದಲ್ಲಿ ಅಭ್ಯರ್ಥಿ ಫೋಟೋನೂ ಇರುತ್ತೆ, ಹಂಗಾಗಿ ಕರಪತ್ರದಲ್ಲೂ ನಾಮಪತ್ರಕ್ಕೆ ಕೊಟ್ಟ ಅದೇ ಫೋಟೋ ಹಾಕಿ.

ಇನ್ನೊಂದು ವಿಷ್ಯ ಯಾರೂ ಮುಂಚೆ ಹೇಳಲ್ಲ. ಮತಯಂತ್ರದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷಗಳು, ಆಮೇಲೆ ಬರೀ ನೋಂದಾಯಿತ ಪಕ್ಷಗಳು, ಕೊನೆಗೆ ಪಕ್ಷೇತರರು, ಒಂದೊಂದು ಗುಂಪಿನೊಳಗೂ ಅಕ್ಷರಮಾಲೆ ಕ್ರಮ. ಒಂದು ಯಂತ್ರಕ್ಕೆ ನೋಟಾ ಸೇರಿ 16 ಬಟನ್. ಜನ ಜಾಸ್ತಿ ಆದ್ರೆ ನಿಮ್ಮ ಹೆಸರು ಎರಡನೇ ಯಂತ್ರಕ್ಕೆ ಹೋಗುತ್ತೆ. ಮೇಷ್ಟ್ರದ್ದು ಹಂಗೇ ಆಯ್ತು. ಒಂದು ಊರಲ್ಲಿ ಬೀಡಿ ಕಟ್ತಾ ಕೂತಿದ್ದ ಅಜ್ಜಿ ಮೊರ ಪಕ್ಕಕ್ಕಿಟ್ಟು ಕೇಳಿದ್ರು, "ನಿಂದು ಎಷ್ಟನೇ ಗುಂಡಿ ಮೇಷ್ಟ್ರೇ, ಹೋದ್ಸಲಿ ಒಬ್ಬರಿಗೆ ಹಾಕ್ಬೇಕು ಅಂತ ಹೋಗಿ ಹುಡುಕಿ ಹುಡುಕಿ ಸಿಗ್ದೆ ಮೇಲಿಂದೇ ಒತ್ತಿ ಬಂದೆ" ಅಂತ. ಅವತ್ತು ರಾತ್ರಿನೇ ರಟ್ಟಿನಲ್ಲಿ ಡಮ್ಮಿ ಯಂತ್ರ ಮಾಡಿಸಿದ್ವಿ. ಅದು ಅಸಲಿ ಯಂತ್ರದ ಅರ್ಧ ಸೈಜ್ ಇರ್ಬೇಕು, ಅಸಲಿ ಬಣ್ಣ ಇರಬಾರದು, ನಿಮ್ಮದು ಬಿಟ್ಟು ಬೇರೆಯವರ ಹೆಸರು ಚಿಹ್ನೆ ಹಾಕೋ ಹಾಗಿಲ್ಲ. ಆಮೇಲಿಂದ ಭಾಷಣ ಐದು ನಿಮಿಷ, "ಎರಡನೇ ಮಷಿನ್ ಮೇಲಿಂದ ಮೂರನೇದು" ಅನ್ನೋ ಪಾಠ ಹತ್ತು ನಿಮಿಷ.

ಮನೆ ಮನೆ ಸುತ್ತಾಟ

ಮತದಾರರ ಪಟ್ಟಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗಳಿಗೆ ಪುಕ್ಕಟೆ, ಪಕ್ಷೇತರರಿಗೆ ಆ ಸೌಲಭ್ಯ ಇಲ್ಲ. ಬೂತ್‌ವಾರು ಪಿಡಿಎಫ್ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಸಿಗುತ್ತೆ, ಆರು ತಿಂಗಳ ಮುಂಚೆನೇ ಇಳಿಸ್ಕೊಂಡು ಬೂತಿಗೆ ಒಬ್ಬರನ್ನಾದ್ರೂ ಗುರುತಿಸೋಕೆ ಶುರು ಮಾಡಿ. 2 ಸಾವಿರ ಬೂತಿಗೂ ಜನ ಸಿಗಲ್ಲ, ನಮಗೆ ಸಿಕ್ಕಿದ್ದು ಅದರ ಕಾಲು ಭಾಗ. ಹಂಗಿದ್ರೆ ಎಂಟರಲ್ಲಿ ಎರಡು ವಿಧಾನಸಭಾ ಕ್ಷೇತ್ರ ಗಟ್ಟಿ ಮಾಡ್ಕೊಳ್ಳಿ, ಎಲ್ಲಾ ಕಡೆ ಅರ್ಧಂಬರ್ಧ ಸುತ್ತೋದಕ್ಕಿಂತ ಅದು ಎಷ್ಟೋ ಮೇಲು.

ಜನ ಕೇಳೋ ಪ್ರಶ್ನೆ ಒಂದೇ, "ಗೆದ್ಮೇಲೆ ಅವರ ಜೊತೆ ಹೋಗ್ತೀರಲ್ವಾ?" ಇದಕ್ಕೆ ನೇರ ಉತ್ತರ ಇದೆ. ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವ ಪಕ್ಷ ಸೇರಿದ್ರೂ ಸದಸ್ಯತ್ವ ಹೋಗುತ್ತೆ. ಹೊರಗಿಂದ ಬೆಂಬಲ ಕೊಡಬಹುದು, ಸೇರೋ ಹಾಗಿಲ್ಲ. ಮೇಷ್ಟ್ರು ಇದನ್ನ ಕರಪತ್ರದ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಹಾಕ್ಸಿದ್ರು, ಜನ ಓದಿ ಮಡಚಿ ಜೇಬಿಗಿಡ್ತಿದ್ರು. ಹಾಂ, ಕರಪತ್ರದಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಇಲ್ದಿದ್ರೆ ಕೇಸ್ ಆಗುತ್ತೆ. ಗಾಡಿ, ಮೈಕು, ಸಭೆ ಎಲ್ಲಕ್ಕೂ ಚುನಾವಣಾ ಆಯೋಗದ ಆನ್‌ಲೈನ್ ವ್ಯವಸ್ಥೆ ಸುವಿಧಾದಲ್ಲಿ ಮುಂಚೆ ಅನುಮತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಬಂದ್.

ಖರ್ಚಿನ ಮಿತಿ ನಮ್ಮ ರಾಜ್ಯದಲ್ಲಿ 95 ಲಕ್ಷ. ಅಷ್ಟು ದುಡ್ಡು ನಮ್ಮಂಥವರ ಹತ್ರ ಎಲ್ಲಿಂದ ಬರಬೇಕು. ಆದ್ರೂ ಒಂದು ಅನ್ಯಾಯ ಕಣ್ಣಿಗೆ ಹೊಡೆಯುತ್ತೆ, ಪಕ್ಷದ ಸ್ಟಾರ್ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿ ಲೆಕ್ಕಕ್ಕೆ ಬರಲ್ಲ, ಪಕ್ಷೇತರರಿಗೆ ಸ್ಟಾರ್ ಪ್ರಚಾರಕರ ಪಟ್ಟಿಯೇ ಇಲ್ಲ, ಪ್ರಚಾರಕ್ಕೆ ಬಂದ ಗೆಳೆಯನ ಕಾರಿನ ಡೀಸೆಲ್ ಕೂಡ ನಿಮ್ಮ ಖರ್ಚು.

ಮತದಾನದ ದಿನ, ಆಮೇಲೆ

ಬೂತ್ ಏಜೆಂಟ್‌ಗಳು ಅಣಕು ಮತದಾನಕ್ಕೆ, ಅಂದ್ರೆ ಯಂತ್ರ ಸರಿ ಇದೆಯಾ ಅಂತ ಒತ್ತಿ ನೋಡೋದಕ್ಕೆ, ಮತದಾನ ಶುರುವಾಗೋಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರ್ಬೇಕು. ಸಂಜೆ ಹೊರಡೋಕೆ ಮುಂಚೆ ನಮೂನೆ 17ಸಿ ನಕಲು ಕೇಳಿ ತಗೊಳ್ಳಿ, ಆ ಬೂತಲ್ಲಿ ಎಷ್ಟು ಮತ ಬಿತ್ತು ಅನ್ನೋ ಲೆಕ್ಕ ಅದು, ಎಣಿಕೆ ದಿನ ತಾಳೆ ನೋಡೋಕೆ ನಿಮ್ಮ ಕೈಲಿರೋ ದಾಖಲೆ ಅದೊಂದೇ.

ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದ್ರೆ ಠೇವಣಿ ವಾಪಸ್. 12 ಲಕ್ಷ ಮತ ಬಿದ್ದಿದ್ರೆ 2 ಲಕ್ಷ ದಾಟ್ಬೇಕು. ನಮಗೆ ಠೇವಣಿ ಬರಲಿಲ್ಲ.

ಸೋತ್ರೂ ಒಂದು ಕೆಲಸ ಬಾಕಿ ಇರುತ್ತೆ. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪೂರ್ತಿ ಖರ್ಚಿನ ಲೆಕ್ಕ ಕೊಡ್ಬೇಕು, ಕೊಡದೇ ಇದ್ರೆ ಮೂರು ವರ್ಷ ಲೋಕಸಭೆಗಾಗ್ಲಿ ವಿಧಾನಸಭೆಗಾಗ್ಲಿ ನಿಲ್ಲದ ಹಾಗೆ ಅನರ್ಹ ಮಾಡಬಹುದು. ಖರ್ಚು ಬರೆಯೋಕೆ ಇರೋ ರಿಜಿಸ್ಟರಲ್ಲಿ ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಒಬ್ಬರಿಗೇ 10,000ಕ್ಕಿಂತ ಹೆಚ್ಚು ನಗದು ಕೊಡಂಗಿಲ್ಲ. ಪ್ರಚಾರದ ಮಧ್ಯದಲ್ಲೇ ಮೂರು ಸಲ ಇದನ್ನ ತಪಾಸಣೆಗೆ ತೋರಿಸಿರ್ತೀರಿ, ಆದ್ರೆ ಎಷ್ಟೋ ಪಕ್ಷೇತರರು ಸೋತ ಬೇಜಾರಲ್ಲಿ ಕೊನೇ ಲೆಕ್ಕ ಕೊಡೋದನ್ನೇ ಬಿಟ್ಟುಬಿಡ್ತಾರೆ. ಮೇಷ್ಟ್ರು ಎಣಿಕೆ ಮುಗಿದ ಮೂರನೇ ದಿನಕ್ಕೇ ಕನ್ನಡಕ ಹಾಕ್ಕೊಂಡು ಟೀ ಅಂಗಡಿ ಬಿಲ್ಲುಗಳನ್ನೆಲ್ಲಾ ಬಿಳಿ ಹಾಳೆ ಪಕ್ಕ ಜೋಡಿಸ್ತಾ ಕೂತಿದ್ರು. ನಾನು ಹೋದಾಗ ಕೇಳಿದ್ದು ಒಂದೇ, ಆ 17ಸಿ ನಕಲುಗಳನ್ನ ಎಲ್ಲಿಟ್ಟಿದೀಯಪ್ಪಾ, ಬೂತ್‌ವಾರು ಜೋಡಿಸಿಡು, ಮುಂದಿನ ಸಲಕ್ಕೆ ಬೇಕಾಗುತ್ತೆ ಅಂತ.