ಹಿಂದಿನಿಂದ ಗುದ್ದಿದ ಕಾರು, ಎಕ್ಸ್‌ರೇಯಲ್ಲಿ ಕಾಣದ ಪೆಟ್ಟು

ನಾನು ಬೆಳಗಾವಿಯಲ್ಲಿ ಸ್ವಂತ ಹಳದಿ ಬೋರ್ಡ್ ಕಾರು ಓಡಿಸುತ್ತೇನೆ. ಹಿಂದಿನಿಂದ ಗುದ್ದಿಸಿಕೊಂಡವನ ಪರಿಹಾರದ ಕೇಸ್ ಸಲೀಸು ಅಂತ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ತಪ್ಪು ಯಾರದ್ದು ಅಂತ ತೋರಿಸೋದು ಸಲೀಸು, ಪೆಟ್ಟು ಎಷ್ಟು ಅಂತ ತೋರಿಸುವಾಗ ಬೆವರು ಇಳಿಯುತ್ತದೆ. ಕುತ್ತಿಗೆಯ ಪೆಟ್ಟಿಗೆ ರಕ್ತ ಬರೋದಿಲ್ಲ, ಹೊಲಿಗೆ ಇರೋದಿಲ್ಲ.

2022ರ ನವೆಂಬರ್, ಕಬ್ಬಿನ ಸೀಸನ್. ಕೊಲ್ಹಾಪುರದಲ್ಲಿ ಪ್ಯಾಸೆಂಜರ್ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ಸಂಕೇಶ್ವರ ದಾಟಿದ ಮೇಲೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಸೀದಾ ಹೈವೇಗೆ ಬಂತು. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ನಾನು ಬ್ರೇಕ್ ಹಾಕಿದೆ, ನಿಂತಿತು. ನನ್ನ ಹಿಂದಿದ್ದ ಕಾರು ನಿಲ್ಲಲಿಲ್ಲ.

ಗುದ್ದಿದವರು ಒಳ್ಳೆಯವರೇ. ಕೆಳಗಿಳಿದು ಬಂದು ಕೈ ಹಿಡಿದುಕೊಂಡರು. ‘ಅಣ್ಣಾರ, ಸ್ಟೇಷನ್ ಗಿಷನ್ ಯಾಕ್ರಿ? ಗ್ಯಾರೇಜ್ ಬಿಲ್ ಪೂರಾ ನಾ ಕೊಡ್ತೀನ್ರಿ’ ಅಂದರು. ‘ಗಾಡಿದು ಬ್ಯಾರೆ, ನಂದು ಬ್ಯಾರೆರಿ’ ಅಂತ ಹೇಳಿ 112ಕ್ಕೆ ಫೋನ್ ಮಾಡಿದೆ. ರಸ್ತೆ ಮೇಲಿನ ರಾಜಿಯಲ್ಲಿ ಬಂಪರ್ ರಿಪೇರಿಯಾಗುತ್ತದೆ, ಅಷ್ಟೇ. ನಾಳೆ ಕುತ್ತಿಗೆ ತಿರುಗದಿದ್ದರೆ ಯಾರನ್ನು ಕೇಳೋಣ? ಗಾಡಿ ತೆಗೆಯುವ ಮೊದಲೇ ಎರಡೂ ನಂಬರ್ ಪ್ಲೇಟ್, ಒಳಗೆ ಹೋದ ಡಿಕ್ಕಿ, ರಸ್ತೆ ಮೇಲಿನ ಗಾಜು ಎಲ್ಲ ಬರುವಂತೆ ಫೋಟೋ ತೆಗೆದುಕೊಂಡೆ.

ಅದೇ ರಾತ್ರಿ ಆಸ್ಪತ್ರೆಗೆ ಹೋದೆ. ಡ್ಯೂಟಿ ಡಾಕ್ಟರ್ ಏನಾಯ್ತು ಅಂತ ಕೇಳಿದಾಗ ಬಿಡಿಸಿ ಹೇಳಿದೆ: ಹೈವೇ ಮೇಲೆ ಹಿಂದಿನಿಂದ ಕಾರು ಗುದ್ದಿತು, ಕುತ್ತಿಗೆ ಹಿಂದಕ್ಕೆ ಹೋಗಿ ಮುಂದೆ ಬಂತು, ಎಡಗಡೆ ನೋವಿದೆ. ಅವರು ಅದನ್ನೇ ಬರೆದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆ ಮಾಡುವ ದಾಖಲೆ) ಮಾಡಿದರು. ಈ ನಾಲ್ಕು ಸಾಲು ಮುಂದೆ ಬಹಳ ಕೆಲಸಕ್ಕೆ ಬಂದವು. ‘ಬಿದ್ದು ಪೆಟ್ಟು’ ಅಂತ ಬರೆಸಿಬಿಟ್ಟರೆ ಇನ್ಶೂರೆನ್ಸ್ ವಕೀಲರಿಗೆ ಅದೊಂದೇ ಸಾಕು. ಇಂಥ ಪೆಟ್ಟಿನ ನೋವು ಮರುದಿನ ಜಾಸ್ತಿಯಾಗೋದು ಸಾಮಾನ್ಯ. ನನಗೂ ಬೆಳಗಾಗುವಷ್ಟರಲ್ಲಿ ಎಡಗೈ ಜುಮ್ ಅನ್ನತೊಡಗಿತು. ತಡಮಾಡದೆ ಮತ್ತೆ ಹೋಗಿ ಅದನ್ನೂ ಬರೆಸಿದೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಅದು ಮೂಳೆ ಮಾತ್ರ ತೋರಿಸುತ್ತದೆ. ಡಿಸ್ಕ್ ಉಬ್ಬಿ ನರ ಒತ್ತಿದ್ದು ಎಂಆರ್‌ಐಯಲ್ಲಿ ಕಂಡಿತು.

ಗಾಯ ಎಂಥದ್ದು ಅಂತ ಡಾಕ್ಟರ್ ಬರೆದುಕೊಡುವ ವುಂಡ್ ಸರ್ಟಿಫಿಕೇಟ್‌ನಲ್ಲಿ ನನ್ನದು ಸಾದಾ ಗಾಯ. ಮೋಟಾರು ವಾಹನ ಕಾಯ್ದೆಯ 164ನೇ ಕಲಂನಲ್ಲಿ ಯಾರ ತಪ್ಪು ಅಂತ ನೋಡದೆ ಎರಡೂವರೆ ಲಕ್ಷ ಕೊಡುವ ದಾರಿ ಇದೆ, ಆದರೆ ಅದು ತೀವ್ರ ಗಾಯಕ್ಕೆ. ಹಾಗಾಗಿ ಗುದ್ದಿದವರ ತಪ್ಪು ತೋರಿಸಿ ಪರಿಹಾರ ಕೇಳುವ 166ನೇ ಕಲಂ ಅಡಿಯಲ್ಲಿ ಅರ್ಜಿ. ಅಪಘಾತವಾದ 6 ತಿಂಗಳ ಒಳಗೆ ಹಾಕಬೇಕು ಅನ್ನೋ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಮೊದಲಿನ ಹಾಗೆ ‘ಆರಾಮಾದ ಮೇಲೆ ನೋಡೋಣ’ ಅಂತ ಕೂರುವ ಕಾಲ ಹೋಯ್ತು. ಗುದ್ದಿದ ಕಾರು ಮಹಾರಾಷ್ಟ್ರದ್ದು, ಕೇಸಿಗೆ ಅಲ್ಲಿಗೇ ಓಡಾಡಬೇಕೇನೋ ಅಂತ ಮನೆಯಲ್ಲಿ ಚಿಂತೆ. ಬೇಕಿಲ್ಲ. ಪೆಟ್ಟು ತಿಂದವರು ಇರುವ ಊರಿನ ಟ್ರಿಬ್ಯುನಲ್‌ನಲ್ಲೂ (ಅಪಘಾತ ಪರಿಹಾರದ ಕೋರ್ಟ್) ಅರ್ಜಿ ಹಾಕಬಹುದು. ನಾನು ಬೆಳಗಾವಿಯಲ್ಲೇ ಹಾಕಿದೆ, ಆ ಕಾರಿನ ಮಾಲೀಕರು ಮತ್ತು ಅವರ ಇನ್ಶೂರೆನ್ಸ್ ಕಂಪನಿ ಇಬ್ಬರನ್ನೂ ಪಾರ್ಟಿ ಮಾಡಿ.

ಕಂಪನಿಯವರ ಮೊದಲ ವಾದ: ಇವರೇ ದಿಢೀರ್ ಬ್ರೇಕ್ ಹಾಕಿದರು. ಮುಂದಿನ ಗಾಡಿ ಒಮ್ಮೆಲೇ ನಿಂತರೂ ಗುದ್ದದಷ್ಟು ಅಂತರ ಬಿಟ್ಟು ಓಡಿಸಬೇಕು ಅಂತ ರಸ್ತೆ ನಿಯಮವೇ ಇದೆ. ಸ್ಪಾಟ್ ಪಂಚನಾಮೆ, ಸ್ಕೆಚ್, ಆರ್‌ಟಿಓ ಇನ್‌ಸ್ಪೆಕ್ಟರ್ ಕೊಟ್ಟ ರಿಪೋರ್ಟ್ ಮೂರರಲ್ಲೂ ನನ್ನ ಗಾಡಿಯ ಹಿಂಭಾಗ, ಅವರ ಗಾಡಿಯ ಮುಂಭಾಗ. ಚಾರ್ಜ್‌ಶೀಟೂ ಅವರ ಮೇಲೇ ಆಗಿತ್ತು. ಈ ವಾದ ಅಲ್ಲಿಗೇ ಮುಗಿಯಿತು.

ಎರಡನೇದು ಗಟ್ಟಿ ವಾದ. 42 ವರ್ಷದವರು, ದಿನಾ ಡ್ರೈವಿಂಗ್, ಕುತ್ತಿಗೆ ಸವೆದಿರೋದು ಸಹಜ, ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು. ಸುಳ್ಳು ಅಂತ ಹೇಗೆ ತೋರಿಸೋದು? ಆಗ ನೆನಪಾದದ್ದು ಫಾರ್ಮ್ 1ಎ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ರಿನ್ಯೂ ಮಾಡುವಾಗ ಡಾಕ್ಟರ್ ಸಹಿ ಮಾಡುವ ಕಾಗದ. ಗಾಡಿ ಓಡಿಸಲು ಅಡ್ಡಿಯಾಗುವ ದೋಷ ಏನಾದರೂ ಇದೆಯಾ ಅಂತ ಅದರಲ್ಲಿ ಕೇಳಿರುತ್ತಾರೆ. ಅಪಘಾತಕ್ಕೆ ಮೊದಲೇ ರಿನ್ಯೂ ಆಗಿದ್ದರಿಂದ ಅದರಲ್ಲಿ ‘ಇಲ್ಲ’ ಅಂತ ಇತ್ತು. ಅದನ್ನು ಹಾಜರುಪಡಿಸಿದೆವು. ಚಿಕಿತ್ಸೆ ಕೊಟ್ಟ ಮೂಳೆ ಡಾಕ್ಟರನ್ನೂ ಸಾಕ್ಷಿಗೆ ಕರೆಸಿದೆವು. ಸರ್ಟಿಫಿಕೇಟ್ ಒಂದನ್ನೇ ಫೈಲಿಗೆ ಸಿಗಿಸಿದರೆ ತೂಕ ಬರೋದಿಲ್ಲ.

ನನ್ನನ್ನೂ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರು: ಇವತ್ತು ಕೋರ್ಟಿಗೆ ನೀವೇ ಗಾಡಿ ಓಡಿಸಿಕೊಂಡು ಬಂದಿರಲ್ಲ? ಹೌದು ಅಂದೆ. ಮುಚ್ಚಿಡೋದೇಕೆ? ಮುಂದೆ ಓಡಿಸಬಲ್ಲೆ, ರಿವರ್ಸ್ ತೆಗೆಯುವಾಗ ಎಡಕ್ಕೆ ತಿರುಗಿ ನೋಡಲು ಆಗೋದಿಲ್ಲ, ಸೊಂಟದಿಂದಲೇ ತಿರುಗಬೇಕು, ಗೋವಾ ಪುಣೆ ಅಂತ ಲಾಂಗ್ ಟ್ರಿಪ್ ಒಪ್ಪಿಕೊಳ್ಳೋದು ಬಿಟ್ಟಿದ್ದೇನೆ ಅಂದೆ. ಅಪಘಾತದ ಹಿಂದಿನ ಮತ್ತು ಮುಂದಿನ ಟ್ರಿಪ್ ಶೀಟ್, ಬ್ಯಾಂಕ್ ಪಾಸ್‌ಬುಕ್, ಐಟಿ ರಿಟರ್ನ್ ಇದ್ದವು. ಬಾಯಿಮಾತಿಗೆ ಆಧಾರ ಸಿಕ್ಕಿತು.

ಲೆಕ್ಕ ಹೇಗೆ ಹಾಕುತ್ತಾರೆ ಅನ್ನೋದು ಬಹಳ ಜನರಿಗೆ ತಿಳಿಯೋದಿಲ್ಲ. ಡಾಕ್ಟರ್ ಹೇಳುವ ಪರ್ಸೆಂಟ್ ದೇಹಕ್ಕೆ ಆದ ಊನದ್ದು. ಕೋರ್ಟ್ ನೋಡೋದು ದುಡಿಮೆ ಎಷ್ಟು ಕಡಿಮೆಯಾಯ್ತು ಅಂತ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ಕೇಸಿನಲ್ಲಿ ಬಿಡಿಸಿ ಹೇಳಿದೆ. ತಿಂಗಳ ದುಡಿಮೆ 20,000 ಅಂತ ಹಿಡಿಯಿರಿ, ವರ್ಷಕ್ಕೆ 2,40,000. 41ರಿಂದ 45 ವಯಸ್ಸಿನವರಿಗೆ ಅದನ್ನು 14ರಿಂದ ಗುಣಿಸುತ್ತಾರೆ, ಅಲ್ಲಿಗೆ 33,60,000. ದುಡಿಮೆ ನಷ್ಟ ಶೇ 10 ಅಂದರೆ 3,36,000, ಶೇ 15 ಅಂದರೆ 5,04,000. ಐದು ಪರ್ಸೆಂಟಿಗೆ ಎಷ್ಟು ಫರಕ್ ನೋಡಿ! ಅದಕ್ಕೇ ರಿವರ್ಸ್ ಗೇರಿನ ಮಾತನ್ನು ಅಷ್ಟು ವಿವರವಾಗಿ ಹೇಳಿದ್ದು. ಔಷಧಿ, ಓಡಾಟ, ಪೌಷ್ಟಿಕ ಆಹಾರ, ಮನೆಯಲ್ಲಿ ಕೂತ ದಿನಗಳ ದುಡಿಮೆ, ನೋವು ಇವಕ್ಕೆಲ್ಲ ಬೇರೆ ಬೇರೆ ಹಣ. ಔಷಧಿ ಅಂಗಡಿಯ ಬಿಲ್ ಇಲ್ಲದಿದ್ದರೆ ಆ ಖರ್ಚು ಸಿಗೋದು ಕಷ್ಟ.

ನಡುವೆ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರು. ಬೇಗ ರೊಕ್ಕ ಬರುತ್ತದೆ, ಆಮೇಲೆ ಅಪೀಲು ಇರೋದಿಲ್ಲ. ಸಣ್ಣ ಪೆಟ್ಟಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅವರು ಹೇಳಿದ ಮೊತ್ತದಲ್ಲಿ ಮುಂದಿನ ದುಡಿಮೆಯ ಲೆಕ್ಕವೇ ಇರಲಿಲ್ಲ, ಅದಕ್ಕೆ ಒಪ್ಪಲಿಲ್ಲ.

ತೀರ್ಪು ನನ್ನ ಕಡೆ ಬಂತು, ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರಿಸಿ. ಕೇಳಿದಷ್ಟು ಕೊಡಲಿಲ್ಲ. ಅಪೀಲಿಗೆ 90 ದಿನ, ಬೆಳಗಾವಿ, ಬಾಗಲಕೋಟೆಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಕಂಪನಿ ಹೋಗಲಿಲ್ಲ, ನಾನೂ ಹೋಗಲಿಲ್ಲ. ರೊಕ್ಕದಲ್ಲಿ ಒಂದು ಭಾಗವನ್ನು ಕೋರ್ಟ್ ನನ್ನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿತು, ಉಳಿದದ್ದು ಖಾತೆಗೆ ಬಂತು.