ಪುಣೆಯಲ್ಲಿ ಫ್ಲಾಟ್ ಬಾಡಿಗೆಗೆ ಕೊಡುವುದು: ನನ್ನ ಅನುಭವ

ಪುಣೆಯಲ್ಲೊಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಟ್ಟರೆ ಹೇಗೆ ಅಂತ ಬೆಳಗಾವಿ, ಧಾರವಾಡ ಕಡೆಯ ನೆಂಟರು ಆಗಾಗ ಕೇಳುತ್ತಾರೆ. ನಾನಿರುವುದು ಕೋಥ್ರೂಡ್‌ನಲ್ಲಿ. ಸಿಂಹಗಡ ರಸ್ತೆಯ ಕಡೆ ಇರುವ ಎರಡು ಬೆಡ್‌ರೂಮಿನ ಫ್ಲಾಟನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಕೇಳಿದವರಿಗೆಲ್ಲ ಮೊದಲು ಲೆಕ್ಕ ತೋರಿಸುತ್ತೇನೆ, ಆಮೇಲೆ ಮಾತು.

ಮನೆಗೆ ಎಲ್ಲ ಸೇರಿ ಬಿದ್ದದ್ದು 65 ಲಕ್ಷ. ಬಾಡಿಗೆ ತಿಂಗಳಿಗೆ 20,000. ಬ್ರೋಕರ್ ಹೇಳುವುದು ವರ್ಷಕ್ಕೆ 2,40,000. ನಾನು ಹಿಡಿಯುವುದು 11 ತಿಂಗಳು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಬಣ್ಣ, ಸಣ್ಣಪುಟ್ಟ ರಿಪೇರಿ ಅಂತ ಮನೆ ಖಾಲಿ ಬೀಳುತ್ತದೆ. ಪ್ರತಿ ವರ್ಷ ಬೀಳದಿದ್ದರೂ ಬೀಳುತ್ತದೆ ಅಂತಲೇ ಹಿಡಿಯುವುದು ಒಳ್ಳೆಯದು. ಅಲ್ಲಿಗೆ 2,20,000 ಆಯಿತು. ಅದರಲ್ಲಿ ಸೊಸೈಟಿ (ಫ್ಲಾಟ್ ಮಾಲೀಕರ ಸಂಘ) ಮೇಂಟೆನೆನ್ಸ್ 30,000, ಮನೆ ತೆರಿಗೆ 13,000, ರಿಪೇರಿಗೆ ಅಂತ ತೆಗೆದಿಡುವುದು 15,000. ಉಳಿಯಿತು 1,62,000. ಹಾಕಿದ ದುಡ್ಡಿಗೆ ಶೇ. 2.5 ಅಷ್ಟೇ. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಅದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ನಲ್ಲಿ ಸೋರುತ್ತಿದೆ ಅಂತ ಹೇಳುವುದೂ ಇಲ್ಲ.

ಬೆಲೆ ಏರುತ್ತದೆ ಅಲ್ವಾ ಅನ್ನುತ್ತಾರೆ. ಏರಬಹುದು, ಆದರೆ ಅದು ಮಾರಿದ ದಿನದ ಮಾತು. ಬಾಡಿಗೆಯಲ್ಲೇ ಸಾಲದ ಕಂತು ತೀರಿಸುತ್ತೇನೆ ಅನ್ನುವವರು ಇನ್ನೊಂದು ಲೆಕ್ಕ ನೋಡಲಿ. ಶೇ. 8.5 ಬಡ್ಡಿಗೆ 40 ಲಕ್ಷ ಸಾಲ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 34,700. ಬಾಡಿಗೆ 20,000. ಉಳಿದದ್ದು ಸಂಬಳದಿಂದಲೇ ಹೋಗಬೇಕು.

ತೆರಿಗೆಯಲ್ಲಿ ಎರಡು ಸಂಗತಿ ಇದೆ. ಪುಣೆ ಮಹಾನಗರಪಾಲಿಕೆ ಸ್ವಂತ ವಾಸದ ಮನೆಗೆ ಶೇ. 40 ರಿಯಾಯಿತಿ ಕೊಡುತ್ತದೆ. ಬಾಡಿಗೆಗೆ ಕೊಟ್ಟರೆ ಅದು ಹೋಗುತ್ತದೆ. ಆದಾಯ ತೆರಿಗೆಯಲ್ಲಿ ಮಾತ್ರ ಸ್ವಲ್ಪ ಉಸಿರು ಸಿಗುತ್ತದೆ. ಬಾಡಿಗೆಯಲ್ಲಿ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ಕ್ಕೆ ತೆರಿಗೆ ಬಿಡುತ್ತಾರೆ. ರಿಪೇರಿಗೆ ಖರ್ಚು ಮಾಡಿದಿರೋ ಇಲ್ಲವೋ ಅಂತ ಯಾರೂ ರಸೀದಿ ಕೇಳುವುದಿಲ್ಲ.

ಇನ್ನು ಕರಾರು. ಬೆಂಗಳೂರು ಕಡೆಯ ಅಭ್ಯಾಸದವರು ಇಲ್ಲಿ ಹುಷಾರಾಗಿರಬೇಕು. ಸ್ಟಾಂಪ್ ಪೇಪರ್ ಮೇಲೆ 11 ತಿಂಗಳು ಅಂತ ಬರೆದು ಸಹಿ ಹಾಕಿದರೆ ಮುಗಿಯಿತು ಅಂತ ಅವರು ತಿಳಿದಿರುತ್ತಾರೆ. ಮಹಾರಾಷ್ಟ್ರದಲ್ಲಿ ಅದು ಸಾಲದು. ಇಲ್ಲಿ ಮಾಡುವುದು 'ಲೀವ್ ಅಂಡ್ ಲೈಸೆನ್ಸ್' ಕರಾರು, ಅಂದರೆ ಇಂತಿಷ್ಟು ಅವಧಿಗೆ ಮನೆಯಲ್ಲಿರಲು ಅನುಮತಿ ಕೊಡುವ ಕರಾರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಅವಧಿ ಎಷ್ಟೇ ಇರಲಿ, ನೋಂದಣಿ ಆಗಲೇಬೇಕು. ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ 5,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ನೋಂದಣಿ ಇಲ್ಲದೆ ಜಗಳಕ್ಕೆ ಬಂದರೆ ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ. ಅದು ಹಾಗಲ್ಲ ಅಂತ ಸಾಬೀತು ಮಾಡುವುದು ನಮ್ಮ ತಲೆಗೆ ಬರುತ್ತದೆ. ನೋಂದಣಿ ಇದ್ದರೆ, ಅವಧಿ ಮುಗಿದ ಮೇಲೂ ಬಿಡದವರಿಂದ 24ನೇ ಸೆಕ್ಷನ್ ಪ್ರಕಾರ ಬಾಡಿಗೆಯ ಎರಡು ಪಟ್ಟು ಕೇಳಬಹುದು.

ಖರ್ಚು ನೋಡಿದರೆ ನಗು ಬರಬೇಕು. ಒಟ್ಟು ಬಾಡಿಗೆ ಮತ್ತು ಡಿಪಾಸಿಟ್ ಮೇಲಿನ ಶೇ. 10 ಬಡ್ಡಿ, ಎರಡನ್ನೂ ಕೂಡಿಸಿ ಅದರ ಶೇ. 0.25 ಸ್ಟಾಂಪ್ ಶುಲ್ಕ. ನನ್ನ 20,000 ಬಾಡಿಗೆ, 60,000 ಡಿಪಾಸಿಟ್‌ಗೆ, 11 ತಿಂಗಳ ಕರಾರಾದರೆ, ಅದು 600ರ ಒಳಗೆ. ನೋಂದಣಿ ಶುಲ್ಕ 1,000. ಏಜೆಂಟನ ದುಡ್ಡು ಬೇರೆ. ಅವನು ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಆಧಾರ್ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಕೆಲಸವೇ ಇಲ್ಲ. ಇಷ್ಟಕ್ಕೂ ಜಿಪುಣತನ ಮಾಡುವ ಮಾಲೀಕರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ. ಬಾಡಿಗೆದಾರರ ವಿವರವನ್ನು ಪೊಲೀಸರಿಗೂ ಕೊಡಬೇಕು. ಅದೂ ಆನ್‌ಲೈನ್‌ನಲ್ಲೇ ಆಗುತ್ತದೆ.

ಸೊಸೈಟಿಯವರು ಬಾಡಿಗೆ ಮನೆಗೆ 'ನಾನ್ ಆಕ್ಯುಪೆನ್ಸಿ' ಅಂತ ಒಂದಿಷ್ಟು ಸೇರಿಸುತ್ತಾರೆ. ಸರ್ಕಾರದ 2001ರ ಆದೇಶದ ಪ್ರಕಾರ ಅದು ಸರ್ವಿಸ್ ಚಾರ್ಜಿನ ಶೇ. 10 ದಾಟುವಂತಿಲ್ಲ. ಬಿಲ್ ಒಮ್ಮೆ ಓದಿ ನೋಡಿ.

ದುಡ್ಡಿಗಿಂತ ಜಾಸ್ತಿ ಸಮಯ ತಿನ್ನುವುದು ನೀರು. ಈಗಿರುವವರು ವಿಜಯಪುರದ ಗಂಡ ಹೆಂಡತಿ, ಇಬ್ಬರೂ ಸಾಫ್ಟ್‌ವೇರ್. ಒಂದು ಮಳೆಗಾಲದಲ್ಲಿ ಹುಡುಗ ಫೋನ್ ಮಾಡಿದ.

"ಕಾಕಾ, ಕೆಳಗಿನ ಮನಿಯವರು ಬಂದಿದ್ರು. ಅವರ ಬಾತ್‌ರೂಮಿನ ಛತ್ತಿಗೆ ನೀರು ಇಳಿಯಾಕತ್ತೈತಂತ."

"ನೀ ಏನೂ ಮಾಡಬ್ಯಾಡಪಾ. ಆ ಬಾತ್‌ರೂಮು ಎರಡು ದಿನ ಬಳಸಬ್ಯಾಡ್ರಿ. ನಾ ನಾಳೆ ಪ್ಲಂಬರ್‌ನ ಕರ್ಕೊಂಡು ಬರ್ತೀನಿ."

ಟೆರೇಸಿನಿಂದ ಸೋರಿದರೆ ಖರ್ಚು ಸೊಸೈಟಿಯದು. ನಮ್ಮ ಬಾತ್‌ರೂಮಿನಿಂದ ಸೋರಿದರೆ ನಮ್ಮದು. ಬಾಡಿಗೆದಾರನದಂತೂ ಅಲ್ಲವೇ ಅಲ್ಲ. ಪ್ಲಂಬರ್ ಮೇಲಿನಿಂದಲೇ ಟೈಲ್ಸ್ ಸಂದಿಗೆ ಗ್ರೌಟ್ ತುಂಬಿ ಮುಗಿಸೋಣ ಅಂದ. ನಾನು ಒಪ್ಪಲಿಲ್ಲ. ಟೈಲ್ಸ್ ತೆಗೆಸಿ, ನಾನಿ ಟ್ರ್ಯಾಪಿನ (ಬಾತ್‌ರೂಮಿನ ನೆಲದ ನೀರು ಹೋಗುವ ಕಿಂಡಿ) ಸುತ್ತ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ನಿಲ್ಲಿಸಿ ಕೆಳಗಿನ ಮನೆಯಲ್ಲಿ ನೋಡಿಕೊಂಡ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದೆ. ಆ ವರ್ಷ ರಿಪೇರಿಗೆ ತೆಗೆದಿಟ್ಟದ್ದು ಪೂರ್ತಿ ಹೋಯಿತು, ಮೇಲೆ ಇನ್ನಷ್ಟು. ಕೆಳಗಿನ ಮನೆಯ ಛಾವಣಿಗೆ ಬಣ್ಣವನ್ನೂ ನಾನೇ ಹೊಡೆಸಿದೆ. ಸುಮ್ನೆ ವಾದ ಮಾಡಿ ಉಳಿಸುವ ದುಡ್ಡಿಗಿಂತ ನೆರೆಯವರ ಬಾಯಿ ಕಟ್ಟುವುದು ಅಗ್ಗ.

ರಿಪೇರಿ ಇರಲಿ, ಇಲ್ಲದಿರಲಿ, ಕೇಳದೆ ಆ ಮನೆಗೆ ನಾನು ಹೋಗುವುದಿಲ್ಲ. ಬೀಗದ ಇನ್ನೊಂದು ಕೀಲಿಯನ್ನೂ ಅವರಿಗೇ ಕೊಟ್ಟಿದ್ದೇನೆ. ಇದನ್ನು ಕೇಳಿ ಕೆಲವು ಮಾಲೀಕರು ಹುಬ್ಬೇರಿಸುತ್ತಾರೆ. ಏರಿಸಲಿ.

ಡಿಪಾಸಿಟ್ ಇಲ್ಲಿ ಎರಡು ಮೂರು ತಿಂಗಳ ಬಾಡಿಗೆ, ಬೆಂಗಳೂರಿನ ಹತ್ತು ತಿಂಗಳಲ್ಲ. ಆ ದುಡ್ಡು ನನ್ನದಲ್ಲವಾದ್ದರಿಂದ ಬೇರೆ ಎಫ್‌ಡಿಯಲ್ಲಿಟ್ಟಿದ್ದೇನೆ. ಬರುವ ದಿನ ಗೀಸರ್, ಫ್ಯಾನು, ಗೋಡೆ, ಕರೆಂಟ್ ಮೀಟರ್ ಎಲ್ಲದರ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುತ್ತೇವೆ. ಬಿಡುವ ದಿನ ಅದನ್ನೇ ತೆರೆದು ನೋಡುತ್ತೇವೆ. ಕರೆಂಟ್ ಬಿಲ್ ನನ್ನ ಹೆಸರಿನಲ್ಲಿ ಬರುವುದರಿಂದ ಅದೊಂದನ್ನು ಮಾತ್ರ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಮೊಳೆಯ ತೂತು, ಮಾಸಿದ ಬಣ್ಣಕ್ಕೆಲ್ಲ ದುಡ್ಡು ಹಿಡಿಯುವುದಿಲ್ಲ. ಜನ ಇದ್ದ ಮನೆ ಮಾಸುತ್ತದೆ. ಕೀಲಿ ಕೈಗೆ ಬಂದ ದಿನವೇ ಡಿಪಾಸಿಟ್ ಅವರ ಖಾತೆಗೆ ಹೋಗುತ್ತದೆ. ಹಾಗೆ ಬಿಟ್ಟು ಹೋದವರೇ ತಮ್ಮ ಆಫೀಸಿನ ಜೋಡಿಯೊಂದನ್ನು ಕಳಿಸಿದರು. ಈಗಿರುವ ವಿಜಯಪುರದವರು ಅವರೇ. ಬ್ರೋಕರನಿಗೆ ಕೊಡುವ ಒಂದು ತಿಂಗಳ ಬಾಡಿಗೆ ಉಳಿಯಿತು.